ಬೀರು ಹೋದರೆ ಸೀರೆಗೇನು ಗತಿ?

ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಹೇಳುವ ಆಪ್ ಒಂದನ್ನು ನಾನು ಜಾಂಗೋದಲ್ಲಿ ಬರೆದಿದ್ದೇನೆ. ಅದನ್ನು ಬಳಸುವವನು ನಾನೊಬ್ಬನೇ. ಉಳಿದವರೆಲ್ಲ ನನ್ನ ಹೆಂಡತಿಯನ್ನು ಕೇಳುತ್ತಾರೆ.

ಮೊನ್ನೆ ಅವಳು, "ರೀ, ಈ ತುಕ್ಕು ಹಿಡಿದ ಬೀರು ಗುಜರಿಯವನಿಗೆ ಕೊಟ್ಬಿಡೋಣ" ಎಂದಳು.

"ತಾಳು, ಮೊದಲು ಅದರ ಮಕ್ಕಳ ಗತಿ ತೀರ್ಮಾನ ಆಗ್ಬೇಕು."

"ಬೀರುಗೆ ಮಕ್ಕಳೇ?"

ಲ್ಯಾಪ್‌ಟಾಪ್ ತೆರೆದು ಬೀರುವಿನ ಮುಂದೆ ಡಿಲೀಟ್ ಒತ್ತಿದೆ. ಅಡ್ಮಿನ್ ಪುಟ ಸಹಗಮನಕ್ಕೆ ಸಿದ್ಧರಾದವರ ಪಟ್ಟಿಯನ್ನೇ ಮುಂದಿಟ್ಟು, ಖಚಿತವೇ ಎಂದು ಕೇಳಿತು: ಧಾರೆ ಸೀರೆ, ಬೆಳ್ಳಿ ಕುಂಕುಮ ಭರಣಿ, ಒಂದು ಫೈಲು, ಆ ಫೈಲಿನೊಳಗಿನ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

"ಇದೇ ಕ್ಯಾಸ್ಕೇಡ್" ಎಂದೆ.

"ಬೀರು ಕೊಟ್ರೆ ಸೀರೇನೂ ಕೊಡ್ಬೇಕು ಅಂತ ಯಾವನು ಹೇಳಿದ್ದು?"

"ಮುಂಚೆ ಜಾಂಗೋ ನಮ್ಮನ್ನ ಕೇಳದೇ ಹೀಗೆ ಮಾಡ್ತಿತ್ತು. 2017ರ ಡಿಸೆಂಬರ್‌ನಲ್ಲಿ 2.0 ಬಂದ್ಮೇಲೆ, ಏನು ಮಾಡ್ಬೇಕೂಂತ ನಾವೇ ಬರೆದುಕೊಡ್ಬೇಕು."

ಆಯ್ಕೆಗಳನ್ನು ವಿವರಿಸಿದೆ. ಪ್ರೊಟೆಕ್ಟ್ ಎಂದರೆ ಒಳಗೊಂದು ಕರ್ಚೀಫು ಉಳಿದಿದ್ದರೂ ಬೀರು ಕದಲದು. ಅಮ್ಮನ ಮತ ಇದಕ್ಕೇ. ಸೆಟ್ ಡಿಫಾಲ್ಟ್ ಎಂದರೆ ದಿಕ್ಕಿಲ್ಲದ ಸಾಮಾನೆಲ್ಲ ನೇರ ಅಟ್ಟಕ್ಕೆ. ಸೆಟ್ ನಲ್ ಎಂದರೆ ವಸ್ತು ಇದೆ, ಎಲ್ಲಿದೆ ಎಂಬ ಕಾಲಂ ಮಾತ್ರ ಖಾಲಿ; ನನ್ನ ಕನ್ನಡಕ, ಸ್ಕೂಟರ್ ಕೀ ಈ ವರ್ಗದವು. ಡೂ ನಥಿಂಗ್ ಎಂದರೆ ಜಾಂಗೋ ಕೈಕಟ್ಟಿ ಕೂರುತ್ತದೆ. ಆದರೆ ಕೆಳಗಿರುವ ಪೋಸ್ಟ್‌ಗ್ರೆಸ್ ಬಿಡಬೇಕಲ್ಲ! ಕಮಿಟ್ ಆಗುವ ಹೊತ್ತಿಗೆ ಸರಿಯಾಗಿ ಇಂಟೆಗ್ರಿಟಿ ಎರರ್ ಎಂದು ಕೂಗೆಬ್ಬಿಸುತ್ತದೆ. ನಮ್ಮ ಸಂಸಾರ ಇಷ್ಟು ವರ್ಷ ನಡೆದಿರುವುದೂ ಇದೇ ಏರ್ಪಾಟಿನಲ್ಲಿ. ಇಬ್ಬರಲ್ಲಿ ಜಾಂಗೋ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ನಾನು ತೂಗಿ ಅಳೆಯುತ್ತಿರುವಾಗಲೇ ಅವಳು ಸಾಮಾನನ್ನೆಲ್ಲ ಗೋಡೆಯ ವಾರ್ಡ್‌ರೋಬಿಗೆ ಸಾಗಿಸಿ, ಖಾಲಿ ಬೀರುವನ್ನು ಗುಜರಿ ಗಾಡಿ ಹತ್ತಿಸಿ ಆಗಿತ್ತು. ಮಕ್ಕಳ ಫಾರಿನ್ ಕೀ ಮೊದಲು ಬದಲಿಸಿ, ಆಮೇಲೆ ಪೇರೆಂಟನ್ನು ಅಳಿಸಿ ಎಂದು ಆಫೀಸಿನ ಹೊಸಬರಿಗೆ ನಾನು ಸ್ಲೈಡ್ ಹಾಕಿ ಬೋಧಿಸುವುದೂ ಇದನ್ನೇ. ಅವಳಿಗೆ ಸ್ಲೈಡೂ ಬೇಕಾಗಲಿಲ್ಲ, ಓಆರ್‌ಎಂ ಕೂಡ ಬೇಕಾಗಲಿಲ್ಲ.

ಸಂಜೆ ಚಳಿಗೆ ಮಫ್ಲರ್ ನೆನಪಾಯಿತು. ಹೆಂಡತಿಯನ್ನು ಕೇಳಲು ಅಭಿಮಾನ ಅಡ್ಡ ಬಂದು ಆಪನ್ನು ಕೇಳಿದೆ. ಬೀರು, ಎರಡನೇ ಖಾನೆ ಎಂದು ತೋರಿಸಿತು.

ಅಡುಗೆಮನೆಯಿಂದ ದನಿ ಬಂತು: "ಗುಜರಿ ಅಂಗಡಿ ಎಂಟು ಗಂಟೆವರೆಗೂ ತೆಗೆದಿರುತ್ತಂತೆ. ಹೋಗಿ ಕೇಳ್ನೋಡಿ."