ಸ್ವಹಸ್ತ ಛಾಯಾಲೇಪನ ಮೀಮಾಂಸೆ: ದಿಂಬಂ ಘಟ್ಟದ ಮುಂಗಾಜುಗಳನ್ನು ಕುರಿತು

ಅನುಬಂಧ ನಿರೂಪಣೆ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮೊದಲು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬುದು ಪೂರ್ವಾಚಾರ್ಯರು ಹಾಕಿಕೊಟ್ಟ ಕಟ್ಟಳೆ. ಇಲ್ಲಿ ವಿಷಯವೆಂದರೆ, ಅಂಗಡಿಗಳಲ್ಲಿ ಸನ್ ಫಿಲ್ಮ್ ಎಂದೂ ಊರುಗಳಲ್ಲಿ ಕೂಲಿಂಗ್ ಪೇಪರ್ ಎಂದೂ ಕರೆಯಲಾಗುವ ಕಪ್ಪು ಹಾಳೆಯನ್ನು ವಾಹನದ ಮುಂಗಾಜಿಗೆ ಒಡೆಯನೇ ಕೈಯಾರೆ ಅಂಟಿಸುವ ಕರ್ಮ. ವೇದಾಂತದ ಅಧಿಕಾರಿಗೆ ವಿವೇಕ, ವೈರಾಗ್ಯ, ಶಮದಮಾದಿಗಳು ಮತ್ತು ಮುಮುಕ್ಷುತ್ವ ಎಂಬ ಸಾಧನಚತುಷ್ಟಯ ಇರಬೇಕಾದಂತೆ, ಈ ಶಾಸ್ತ್ರದ ಅಧಿಕಾರಿಗೂ ನೀರು ಚಿಮ್ಮಿಸುವ ಬಾಟಲಿ, ಮಕ್ಕಳ ಶಾಂಪೂ, ರಬ್ಬರ್ ಪಟ್ಟಿ ಹಾಗೂ ಹಾಳೆಯ ಇನ್ನೊಂದು ತುದಿಯನ್ನು ಹಿಡಿಯಲು ಒಲ್ಲೆನೆನ್ನಲಾರದ ಭಾವಮೈದ ಎಂಬ ನಾಲ್ಕು ಸಾಧನಗಳು ಸಿದ್ಧವಿರಬೇಕು. ಮೊದಲ ಮೂರು ಹಣಕ್ಕೆ ಸಿಗುತ್ತವೆ, ನಾಲ್ಕನೆಯದು ಪೂರ್ವಜನ್ಮದ ಪುಣ್ಯದಿಂದ ಮಾತ್ರ ಲಭ್ಯ. ಸಂಬಂಧವೆಂಬುದು ಗಾಜಿಗೂ ಹಾಳೆಗೂ ಇರಬೇಕಾದದ್ದು, ಆದರೆ ಸಾಮಾನ್ಯವಾಗಿ ಅಂಚುಗಳಲ್ಲಿ ಬಿಟ್ಟುಹೋಗುವಂಥದ್ದು. ಪ್ರಯೋಜನವನ್ನು ಮೊದಲೇ ಹೇಳಿಬಿಟ್ಟರೆ ಗ್ರಂಥ ಇಲ್ಲಿಗೇ ಮುಗಿದೀತೆಂಬ ಭಯದಿಂದ ಅದನ್ನು ಫಲಶ್ರುತಿಗೆ ಮೀಸಲಿಡಲಾಗಿದೆ.

ಈ ವಿವೇಚನೆಗೆ ಕ್ಷೇತ್ರವಾಗಿ ಆರಿಸಿಕೊಂಡಿರುವುದು ತಮಿಳುನಾಡಿನ ಈರೋಡು ಜಿಲ್ಲೆಯ ದಿಂಬಂ. ಸತ್ಯಮಂಗಲದ ಕಡೆಯಿಂದ ಬಣ್ಣಾರಿ ಅಮ್ಮನ ಗುಡಿಯನ್ನು ದಾಟಿ, 27 ಕಡಿದಾದ ತಿರುವುಗಳನ್ನು ಏರಿ, ಹಾಸನೂರು ಹಾಗೂ ಪುಣಜನೂರುಗಳ ಮೂಲಕ ಚಾಮರಾಜನಗರವನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 948, ಅಂದರೆ ಹಿಂದೆ 209 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ ದಾರಿ, ಈ ಊರಿನಲ್ಲಿ ಘಟ್ಟದ ತಲೆಯನ್ನು ಮುಟ್ಟುತ್ತದೆ. ಬಯಲಿನಲ್ಲಿ ಸಿದ್ಧವಾದ ಯಾವ ಸಿದ್ಧಾಂತವನ್ನೇ ಆಗಲಿ ಇಪ್ಪತ್ತೇಳು ಸಲ ತಿರುಗಿಸಿ ಪರೀಕ್ಷಿಸುವ ಸೌಲಭ್ಯ ಬೇರೆ ವಿದ್ಯಾಪೀಠಗಳಲ್ಲಿ ಇಲ್ಲವಾದ್ದರಿಂದ ಈ ಆಯ್ಕೆಗೆ ಹೆಚ್ಚಿನ ಸಮರ್ಥನೆ ಬೇಕಾಗದು.

ನೌಕಾಧಿಕರಣ

ಕೈಯಾರೆ ಹಾಳೆ ಅಂಟಿಸುವ ವಿದ್ಯೆಯ ಪರಮಾವಧಿ ದೋಣಿಯ ಮುಂಗಾಜೇ ಹೊರತು ಕಾರಿನದಲ್ಲ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕಾಗಿಯೇ ಮೊದಲು ಮಂಡಿಸುವ ಎದುರಾಳಿಯ ವಾದ. ಸಮುದ್ರಮಟ್ಟದಿಂದ ಸುಮಾರು 1100 ಮೀಟರ್ ಎತ್ತರದಲ್ಲಿರುವ ದಿಂಬಂನಲ್ಲಿ ದೋಣಿಯ ಪ್ರಸಕ್ತಿ ಎಲ್ಲಿಂದ ಬಂತು ಎಂದು ಸಂಶಯಿಸುವವರು ಬೆಟ್ಟದ ಬುಡವನ್ನು ನೋಡಬೇಕು. ಅಲ್ಲಿ ಮೋಯಾರ್ ನದಿಯು ಭವಾನಿಯನ್ನು ಕೂಡುವೆಡೆಯಲ್ಲಿ 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಜಲಾಶಯವಿದೆ. ಅದೇ ಮೋಯಾರನ್ನು ತೆಂಗುಮರಹಡದ ಜನ ಹರಿಗೋಲಿನಲ್ಲಿ ದಾಟುತ್ತಾರೆ. ಹರಿಗೋಲಿಗೆ ಮುಂಗಾಜಿಲ್ಲ, ಹರಿಗೋಲು ಸುತ್ತುತ್ತಲೇ ಸಾಗುವುದರಿಂದ ಅದರ ಮುಂಭಾಗ ಯಾವುದೆಂಬುದೂ ನಿಶ್ಚಯವಿಲ್ಲ. ಹೀಗಾಗಿ ಈ ಪ್ರದೇಶದಲ್ಲಿ ಒಂದೂ ಗುಳ್ಳೆಯಿಲ್ಲದೆ, ಒಂದೂ ಸುಕ್ಕಿಲ್ಲದೆ, ಕಾನೂನಿಗೆ ಕಿಂಚಿತ್ತೂ ವಿರೋಧವಿಲ್ಲದೆ ನಿರ್ವಹಿಸಲ್ಪಟ್ಟಿರುವ ಏಕೈಕ ಮುಂಗಾಜು ಹರಿಗೋಲಿನ ಇಲ್ಲದ ಮುಂಗಾಜೇ ಎಂದು ತೀರ್ಮಾನಿಸಬೇಕಾಗುತ್ತದೆ.

ಮುಂಗಾಜುಳ್ಳ ದೋಣಿಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಯಂತ್ರದ ದೋಣಿಗಳಲ್ಲಿ ಎಷ್ಟೋ ಕಡೆ ಗಾಜಿನಂತೆ ಕಾಣುವುದು ಗಾಜಲ್ಲ, ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಕಾದಾಗ ಈ ಪ್ಲಾಸ್ಟಿಕ್ ತನ್ನೊಳಗೆ ಹೀರಿಕೊಂಡಿದ್ದ ತೇವವನ್ನೂ ಅನಿಲವನ್ನೂ ಹೊರಬಿಡುತ್ತದೆ; ಮೇಲೆ ಅಂಟಿದ ಹಾಳೆ ದಾರಿ ಕೊಡದಿದ್ದರೆ ಅವು ನಡುವೆ ಸಿಕ್ಕಿ ಗುಳ್ಳೆಗಳಾಗಿ ಏಳುತ್ತವೆ. ಎಂದರೆ, ಕೈ ಎಷ್ಟೇ ಪಳಗಿದ್ದರೂ ವಸ್ತುವಿನ ಅಂತರಂಗದಿಂದಲೇ ಗುಳ್ಳೆ ಹುಟ್ಟುತ್ತದೆ, ಮತ್ತು ಅಂಟಿಸಿದವನ ತಪ್ಪಿಲ್ಲವೆಂಬುದನ್ನು ನೋಡಿದವರು ಯಾರೂ ನಂಬುವುದಿಲ್ಲ. ಆದ್ದರಿಂದ ದೋಣಿಯನ್ನು ನೀರಿಗೇ ಬಿಟ್ಟು ಕಾರಿನ ಗಾಜಿಗೆ ಬರುವುದೇ ಸಿದ್ಧಾಂತ.

ಗಾಜಿನ ಸ್ವರೂಪ

ಕಾರಿನ ಮುಂಗಾಜು ಒಂದು ಗಾಜಲ್ಲ. ಎರಡು ಗಾಜಿನ ಹಲಗೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದ ಪದರಗಾಜು. ಫ್ರಾನ್ಸಿನ ರಸಾಯನತಜ್ಞ ಎಡ್ವಾರ್ ಬೆನೆಡಿಕ್ಟಸ್ 1903ರಲ್ಲಿ ಕೈಜಾರಿ ಬಿದ್ದ ಶೀಸೆಯೊಂದು ಒಡೆದರೂ ಚೂರಾಗಿ ಚೆದುರದಿದ್ದುದನ್ನು ಕಂಡು, ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯೇ ಅದಕ್ಕೆ ಕಾರಣವೆಂದು ತಿಳಿದು, 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದನು. ಗಾಜಿಗೆ ಪೊರೆ ಅಂಟುವುದೇ ಈ ವಿದ್ಯೆಯ ಮೂಲವಾದ್ದರಿಂದ ಬೆನೆಡಿಕ್ಟಸನನ್ನು ಸಂಪ್ರದಾಯದ ಆದ್ಯಾಚಾರ್ಯನೆನ್ನಬಹುದು. ಗುಳ್ಳೆಯಿಲ್ಲದ ಅಂಟುವಿಕೆಯನ್ನು ಶೀಸೆ ತಾನೇ ಸಾಧಿಸಿಕೊಂಡಿತ್ತೆಂಬುದನ್ನೂ, ಅಲ್ಲಿ ಮನುಷ್ಯನ ಕೈವಾಡವಿದ್ದದ್ದು ಬೀಳಿಸುವುದರಲ್ಲಿ ಮಾತ್ರವೆಂಬುದನ್ನೂ ಶಿಷ್ಯರು ಮರೆಯಬಾರದು.

ಈ ನಡುಪದರವು ಬಿಸಿಲಿನ ಅತಿನೇರಳೆ ಕಿರಣಗಳನ್ನು, ಅಂದರೆ ಚರ್ಮವನ್ನು ಸುಟ್ಟು ಸೀಟಿನ ಬಟ್ಟೆಯನ್ನು ಮಾಸಿಸುವ ಅದೃಶ್ಯ ಕಿರಣಗಳನ್ನು, ಬಹುಪಾಲು ಆಗಲೇ ತಡೆದಿರುತ್ತದೆ. ಆದ್ದರಿಂದ ಚರ್ಮರಕ್ಷಣೆಗೆಂದು ಮುಂಗಾಜಿಗೆ ಹಾಳೆ ಅಂಟಿಸುವವನು ನಡೆದುಹೋದ ಯುದ್ಧಕ್ಕೆ ಸೈನ್ಯ ಕಟ್ಟುತ್ತಾನೆ. ಇನ್ನು ಉಳಿಯುವುದು ಶಾಖ. ಕಾವನ್ನು ತರುವುದರಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಪಾಲು ದೊಡ್ಡದಾಗಿರುವುದರಿಂದ, ಬಣ್ಣವನ್ನಷ್ಟೇ ನಂಬಿದ ಅಗ್ಗದ ಹಾಳೆ ಬೆಳಕನ್ನು ಕುಂದಿಸಿದಷ್ಟು ಕಾವನ್ನು ಕುಂದಿಸುವುದಿಲ್ಲ. ಬಯಲಿನ ಸತ್ಯಮಂಗಲದಲ್ಲಿ ಈ ಕಾವಿನ ಚರ್ಚೆಗೆ ಅರ್ಥವಿದೆ. ಮಂಜು ಕವಿದ ದಿಂಬಂನಲ್ಲಿ ಕಾವನ್ನು ತಡೆಯುವ ಮೊದಲು ಅದನ್ನು ಹುಡುಕಬೇಕಾಗುತ್ತದೆ.

ಬೆಳಕಿನ ಗುಣಾಕಾರ ಮತ್ತು ರಾಜಶಾಸನ

ಗಾಜಿನ ಮೂಲಕ ಕಣ್ಣಿಗೆ ಕಾಣುವ ಬೆಳಕು ನೂರಕ್ಕೆ ಎಷ್ಟು ಪಾಲು ಹಾಯುತ್ತದೆಂಬುದೇ ಪಾರಗಮನ ಪ್ರಮಾಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮವು ಮುಂಗಾಜು ಮತ್ತು ಹಿಂಗಾಜುಗಳಿಗೆ ಕನಿಷ್ಠ 70, ಪಕ್ಕದ ಗಾಜುಗಳಿಗೆ ಕನಿಷ್ಠ 50 ಎಂದು ಇದನ್ನು ನಿಗದಿಪಡಿಸಿದೆ. ಗೃಹಸ್ಥ ಸಾಧಕನು ಇಲ್ಲಿ ಕೂಡುವ ಲೆಕ್ಕದಲ್ಲಿ ಎಡವುತ್ತಾನೆ. ಪ್ರಮಾಣಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ: 75 ಪಾಲು ಬೆಳಕು ಬಿಡುವ ಗಾಜಿಗೆ 50 ಪಾಲು ಬಿಡುವ ಹಾಳೆ ಸೇರಿದರೆ ಒಳಗೆ ಬರುವುದು ಮೂವತ್ತೇಳೂವರೆ ಪಾಲು ಮಾತ್ರ. ಅದೇ ಗಾಜಿಗೆ 70ರ ಹಾಳೆಯನ್ನೇ ಅಂಟಿಸಿ ಶಾಸನಕ್ಕೆ ಶರಣಾದೆನೆಂದು ಬೀಗುವವನಿಗೂ ಐವತ್ತೆರಡೂವರೆಗಿಂತ ಹೆಚ್ಚು ಉಳಿಯದು.

ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಯಾವ ಪ್ರಮಾಣದ ಕಪ್ಪು ಹಾಳೆಯನ್ನೂ ವಾಹನದ ಗಾಜಿಗೆ ಅಂಟಿಸಕೂಡದೆಂದು ತೀರ್ಪಿತ್ತಿತು. ಮುಂದೆ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲಿನಿಂದ ಒಳಮೈಗೆ ಪ್ಲಾಸ್ಟಿಕ್ ಪದರವುಳ್ಳ ಗಾಜಿಗೂ ಸ್ಥಾನ ದೊರೆಯಿತು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, 70 ಮತ್ತು 50ರ ಪ್ರಮಾಣಗಳನ್ನು ಉಳಿಸಿಕೊಳ್ಳುವ ಹಾಳೆಗೆ ದಂಡ ಹಾಕಲಾಗದೆಂದಿತು. ಈ ಶ್ರುತಿವಾಕ್ಯಗಳನ್ನು ಸಮನ್ವಯಗೊಳಿಸಿದಾಗ ದೊರೆಯುವ ಸೂತ್ರ ಹೀಗಿದೆ: ಕಾನೂನು ಒಪ್ಪುವ ಹಾಳೆ ಕಣ್ಣಿಗೆ ಕಾಣದು, ಕಣ್ಣಿಗೆ ಕಾಣುವ ಹಾಳೆಯನ್ನು ಕಾನೂನು ಒಪ್ಪದು.

ಗುಳ್ಳೆಯ ನಿತ್ಯತ್ವ

ಕ್ರಿಯಾಭಾಗವನ್ನು ಸಂಗ್ರಹವಾಗಿ ಹೇಳುವುದಾದರೆ, ಗಾಜನ್ನು ಕನ್ನಡಿಯಾಗುವಷ್ಟು ತೊಳೆದು, ಹಾಳೆಯನ್ನು ಮೊದಲು ಹೊರಮೈಯ ಮೇಲೆ ಹರಡಿ, ಬಿಸಿಗಾಳಿಯಿಂದ ಗಾಜಿನ ಬಾಗಿಗೆ ತಕ್ಕಂತೆ ಕುಗ್ಗಿಸಿ, ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಆಮೇಲೆ ಬೆನ್ನಿನ ರಕ್ಷಾಪೊರೆಯನ್ನು ಸುಲಿದು, ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಚಿಮ್ಮಿಸಿ, ಒಳಮೈಗೆ ಹೊಂದಿಸಿ, ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ನೀರನ್ನು ಒತ್ತಿ ಹೊರಡಿಸಬೇಕು. ಶಾಂಪೂ ನೀರಿನ ಕೆಲಸ ಅಂಟನ್ನು ಸ್ವಲ್ಪ ಹೊತ್ತು ಮರೆಸಿ ಹಾಳೆಯನ್ನು ಜಾರಿಸಿ ಕೂರಿಸಲು ಅವಕಾಶ ಕೊಡುವುದು. ಭಾವಮೈದನ ಕೆಲಸ ಆ ಅವಕಾಶವನ್ನು ಮಾತಿನಲ್ಲಿ ಕಳೆಯುವುದು.

ಇಷ್ಟಾದ ಮೇಲೂ ಗುಳ್ಳೆಗಳು ಉಳಿಯುತ್ತವೆ, ಮತ್ತು ಅವು ಕರ್ಮದಂತೆ ಮೂರು ಬಗೆ. ಸರಿಯಾಗಿ ತೊಳೆಯದ ಗಾಜಿನ ಧೂಳಿನಿಂದ ಹುಟ್ಟುವವು ಸಂಚಿತ. ಇವು ಕಲ್ಪಾಂತದವರೆಗೂ ಇರುತ್ತವೆ. ಅಂಟಿಸುವಾಗ ಸಿಕ್ಕಿಬಿದ್ದ ನೀರಿನವು ಪ್ರಾರಬ್ಧ. ಕೆಲವು ವಾರ ಅನುಭವಿಸಿದರೆ ಆರಿಹೋಗುತ್ತವೆ. ವರ್ಷಗಳು ಕಳೆದು ಅಂಟು ಸೋತು, ಅಗ್ಗದ ಹಾಳೆಯ ಕಪ್ಪು ಬಣ್ಣ ಬಿಸಿಲಿಗೆ ಒಡೆದು ನೇರಳೆಗೆ ತಿರುಗುವ ಹೊತ್ತಿಗೆ ಏಳುವವು ಆಗಾಮಿ. ಪ್ರತಿಯೊಂದು ಗುಳ್ಳೆಯನ್ನೂ ಒತ್ತಿದಾಗ ಅದು ನಾಶವಾಗದೆ ಪಕ್ಕಕ್ಕೆ ಸರಿಯುವುದನ್ನು ಗಮನಿಸಿದರೆ, ಗುಳ್ಳೆಗೆ ಸ್ಥಳಾಂತರವುಂಟೇ ಹೊರತು ಮರಣವಿಲ್ಲವೆಂಬ ನಿತ್ಯತ್ವ ಸಿದ್ಧಾಂತ ಸಿದ್ಧವಾಗುತ್ತದೆ. ಇದಕ್ಕೆ ರಾಜ್ಯಶಾಸ್ತ್ರದಲ್ಲೂ ದೃಷ್ಟಾಂತವಿದೆ: 1956ರ ನವೆಂಬರ್ 1ರಂದು ಭಾಷೆಯ ರಬ್ಬರ್ ಪಟ್ಟಿಯಿಂದ ಭೂಪಟವನ್ನು ಒರೆಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸರಿಯಿತು, ಕನ್ನಡ ಮಾತಾಡುವ ತಾಳವಾಡಿ ಮಾತ್ರ ಅಂಚಿನ ಆಚೆಗೇ ಉಳಿಯಿತು. ವರನಟ ಡಾ. ರಾಜಕುಮಾರರ ಗಾಜನೂರು ಕೂಡ ಆ ಉಳಿದ ಗುಳ್ಳೆಯೊಳಗೇ ಇದೆ. ಹಾಳೆಯ ಅತ್ಯಂತ ಹೊಳೆಯುವ ಭಾಗವೇ ಗುಳ್ಳೆಯೊಳಗೆ ಸಿಕ್ಕಿಕೊಳ್ಳುವುದು ಈ ಶಾಸ್ತ್ರದಲ್ಲಿ ಹೊಸದೇನಲ್ಲ.

ಪಕ್ಕದ ಗಾಜಿಗೂ ಹಾಳೆ ಅಂಟಿಸಿದವನು ಅಂಟು ಆರುವ ತನಕ ಕೆಲವು ದಿನ ಗಾಜನ್ನು ಕೆಳಗಿಳಿಸಬಾರದೆಂಬುದು ವಿಧಿ, ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಆ ಅವಧಿ ಹೆಚ್ಚುತ್ತದೆಂಬುದು ಅದರ ಶೇಷ. ಆದರೆ ಹದಿನೈದನೆಯ ತಿರುವಿನ ಸುಮಾರಿಗೆ ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುವುದು ಈ ಘಟ್ಟದ ನಿತ್ಯವಿಧಿ. ಎರಡು ವಿಧಿಗಳಿಗೆ ವಿರೋಧ ಬಂದಾಗ ಬಲವಾದದ್ದು ಯಾವುದೆಂದು ಪೂರ್ವಮೀಮಾಂಸಕರು ಬಹುಕಾಲ ಚರ್ಚಿಸಿದ್ದಾರೆ. ಇಲ್ಲಿ ಚರ್ಚೆಗೆ ಸಮಯ ಸಿಗುವುದಿಲ್ಲ.

ಗಜಾಧಿಕರಣ

ಒಳಗಿರುವುದನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚುವುದೇ ಹಾಳೆಯ ಪ್ರಯೋಜನವೆಂಬವರೂ ಇದ್ದಾರೆ. ದಿಂಬಂನ ದಾರಿ ಸಾಗುವುದು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲ ಅರಣ್ಯದ ನಡುವೆ. ಹಾಸನೂರಿನ ಸುತ್ತಮುತ್ತ ಕಬ್ಬಿನ ಲಾರಿಗಳನ್ನು ತಡೆದು ಸುಂಕ ವಸೂಲು ಮಾಡುವ ಆನೆಗಳು ಈ ಮಾರ್ಗದ ಅಧಿಕೃತವಲ್ಲದ, ಆದರೆ ಯಾರೂ ಪ್ರಶ್ನಿಸದ ತಪಾಸಣಾಧಿಕಾರಿಗಳು. ಆನೆಯ ತಪಾಸಣೆ ನಡೆಯುವುದು ಕಣ್ಣಿನಿಂದಲ್ಲ. ಆಫ್ರಿಕಾದ ಆನೆಯಲ್ಲಿ ವಾಸನೆಯನ್ನು ಗ್ರಹಿಸುವ ಜೀನ್‌ಗಳು ಸುಮಾರು 2000 ಇವೆಯೆಂದೂ, ಅದು ಮನುಷ್ಯನ ಐದು ಪಟ್ಟೆಂದೂ ವಿಜ್ಞಾನಿಗಳು ಎಣಿಸಿದ್ದಾರೆ. ಇಲ್ಲಿನ ಆನೆಯ ಸೊಂಡಿಲೂ ಕಬ್ಬಿನ ವಿಷಯದಲ್ಲಿ ಸೋತ ಉದಾಹರಣೆಯಿಲ್ಲ. ಹಾಳೆಗೆ ಬೆಳಕಿನ ಪ್ರಮಾಣವಿದೆಯೇ ಹೊರತು ಬಾಳೆಗೊನೆಯ ವಾಸನೆಯನ್ನು ತಡೆಯುವ ಪ್ರಮಾಣವಿಲ್ಲ. ಒಳಗಿನ ಹಣ್ಣು ಆನೆಗೆ ತಿಳಿಯುತ್ತದೆ, ಹೊರಗಿನ ಆನೆ ಮಾತ್ರ ಮುಸ್ಸಂಜೆಯಲ್ಲಿ ಕಪ್ಪು ಗಾಜಿನೊಳಗೆ ಕುಳಿತವನಿಗೆ ತಿಳಿಯುವುದಿಲ್ಲ; ಗೋಪ್ಯತೆ ಇಷ್ಟು ಪರಿಪೂರ್ಣವಾಗಿ ತಿರುಗಿ ನಿಂತ ಸಂದರ್ಭ ಅಪರೂಪ. 2022ರ ಫೆಬ್ರವರಿ 10ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಈ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದು, ಕತ್ತಲೆಯಲ್ಲಿ ಚಲಿಸಬಾರದೆಂಬುದೇ ಅದರ ಸಾರ. ಕಪ್ಪು ಮುಂಗಾಜಿನವನು ಹಗಲಿನಲ್ಲೂ ಕತ್ತಲೆಯಲ್ಲೇ ಚಲಿಸುತ್ತಿರುವನಾದ್ದರಿಂದ ಅವನಿಗೆ ನಿರ್ಬಂಧ ಎಷ್ಟು ಗಂಟೆಗೆ ಆರಂಭವೆಂಬುದು ವ್ಯಾಖ್ಯಾನಕಾರರ ಪಾಲಿಗೆ ಬಿಟ್ಟದ್ದು.

ಹಸ್ತಾಧಿಕರಣ

ಮುಖ್ಯ ಆಕ್ಷೇಪ ಬರುವುದು ಆನೆಯಿಂದಲ್ಲ, ಎದುರಿನ ಲಾರಿಯಿಂದ. ಕಡಿದಾದ ಏರುದಾರಿಯಲ್ಲಿ ಎರಡು ವಾಹನಗಳಿಗೆ ಜಾಗವಿಲ್ಲದಿದ್ದರೆ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬುದು ರಸ್ತೆಯ ಲಿಖಿತ ನಿಯಮ. ಉದ್ದದ ಲಾರಿಯೊಂದು ತಿರುವಿನ ಅಗಲವನ್ನೆಲ್ಲ ಬಳಸಿ ತಿರುಗುವಾಗ ಈ ನಿಯಮವನ್ನು ಜಾರಿಗೆ ತರುವುದು ಪೊಲೀಸರಲ್ಲ, ಚಾಲಕನ ಅಂಗೈ: ನಿಲ್ಲು ಎನ್ನಲು ಒಮ್ಮೆ ಎತ್ತಿದ ಕೈ, ಬಾ ಎನ್ನಲು ಒಮ್ಮೆ ಬೀಸಿದ ಕೈ, ಉಪಕಾರವಾಯಿತು ಎನ್ನಲು ಒಮ್ಮೆ ಅಲುಗಿದ ತಲೆ. ಹೇಳುವವನು ತಮಿಳಿನವನೋ ಕನ್ನಡದವನೋ ಎಂಬುದು ಅಲ್ಲಿ ಅಪ್ರಸ್ತುತ. ಎರಡು ರಾಜ್ಯಗಳ ನಡುವೆ ಅನುವಾದವಿಲ್ಲದೆ, ಸಮಿತಿಯಿಲ್ಲದೆ ನಡೆಯುತ್ತಿರುವ ಒಪ್ಪಂದವಿದು. ಅದು ನಡೆಯುವುದು ಮುಂಗಾಜಿನ ಮೂಲಕ. ಹಾಳೆ ಅಂಟಿಸಿದವನು ಎದುರಿನವನ ಕೈಯನ್ನು ನೋಡಬಲ್ಲ, ತನ್ನ ಕೈಯನ್ನು ತೋರಿಸಲಾರ. ಉತ್ತರ ಬಾರದ ಲಾರಿಯವನು ತಿರುವಿನ ನಡುವೆ ನಿಲ್ಲುತ್ತಾನೆ, ಅವನ ಹಿಂದೆ ಬಸ್ಸು ನಿಲ್ಲುತ್ತದೆ, ಬಸ್ಸಿನ ಹಿಂದೆ ಬಣ್ಣಾರಿಯ ತನಕ ಸಾಲು ಬೆಳೆಯುತ್ತದೆ. ಮುಂಗಾಜು ನೋಡುವುದಕ್ಕೆ ಇರುವಷ್ಟೇ ಕಾಣಿಸಿಕೊಳ್ಳುವುದಕ್ಕೂ ಇದೆ ಎಂಬುದೇ ಈ ಗ್ರಂಥದ ಮಹಾವಾಕ್ಯ. ಉಳಿದದ್ದೆಲ್ಲ ಅರ್ಥವಾದ, ಅಂದರೆ ಮಹಾವಾಕ್ಯವನ್ನು ಮೆಚ್ಚಿಸಲು ಸೇರಿಸಿದ ಸ್ತುತಿನಿಂದೆ.

ಫಲಶ್ರುತಿ

ಹಾಳೆಯನ್ನು ಅಂಟಿಸುವ ಮೊದಲು ಈ ಪ್ರಬಂಧವನ್ನು ಓದುವವನಿಗೆ ಹಾಳೆಯ ಬೆಲೆ ಉಳಿಯುತ್ತದೆ. ಅಂಟಿಸಿದ ಮೇಲೆ ಓದುವವನು ಕೂದಲೊಣಗಿಸುವ ಯಂತ್ರದಿಂದ ಒಂದು ಮೂಲೆಯನ್ನು ಬಿಸಿ ಮಾಡಿ, ಅವಸರಪಡದೆ ಹಾಳೆಯನ್ನು ಸುಲಿದು, ಗಾಜಿನ ಮೇಲುಳಿದ ಅಂಟನ್ನು ಸೋಪಿನ ನೀರಿನಿಂದ ನೆನೆಸಿ ತೆಗೆಯುವ ವಿದ್ಯೆಯನ್ನು ಪಡೆಯುತ್ತಾನೆ. ಓದದೆ ಕೇಳಿದವನಿಗೆ, ಅಂದರೆ ಭಾವಮೈದನಿಗೆ, ಆ ಭಾನುವಾರ ಬೇರೊಂದು ಕೆಲಸ ಒದಗುತ್ತದೆ. ಆರಂಭದಲ್ಲಿ ಮುಂದೂಡಲಾಗಿದ್ದ ಪ್ರಯೋಜನವೂ ಇಷ್ಟೇ ಆಗಿದ್ದು, ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂಬ ಆಕ್ಷೇಪಕ್ಕೆ, ಹಾಗೆ ಹೇಳಿದ್ದರೆ ಶಾಸ್ತ್ರವೇ ಹುಟ್ಟುತ್ತಿರಲಿಲ್ಲವೆಂಬುದು ಸಮಾಧಾನ.