ಗಿಡಕ್ಕೆಲ್ಲಿದೆ ಶಟರು?

ಮೊಬೈಲ್ ಅಂಗಡಿಗೆ ಬೀಗ ಜಡಿದರೆ ಒಳಗಿರುವ ಮೊಬೈಲು ನೀರು ಕೇಳುವುದಿಲ್ಲ. ಸೀರೆ ಅಂಗಡಿಯ ಶಟರ್ ಎಳೆದರೆ ಸೀರೆ ರಾತ್ರೋರಾತ್ರಿ ಒಂದು ಗೇಣು ಉದ್ದವಾಗುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ಕಾಣದೆ, 2020ರ ಮಾರ್ಚ್ 25ರಂದು, ಅದೂ ಯುಗಾದಿಯ ದಿನವೇ, ಕೊರೊನಾ ಲಾಕ್‌ಡೌನಿನಲ್ಲಿ ಅಂಗಡಿಗಳ ಜೊತೆಗೆ ನರ್ಸರಿಗಳಿಗೂ ಬಾಗಿಲು ಬಿತ್ತು. ಆ ವರ್ಷದ ಬೇವು ನರ್ಸರಿಯವರ ಪಾಲಿಗೆ ಬಂತು. ಬೆಲ್ಲ ಯಾರ ಪಾಲಿಗೆ ಹೋಯಿತು ಅನ್ನುವುದು ಗೊತ್ತಾಗಲು ಮೇ 4ರವರೆಗೆ ಕಾಯಬೇಕಾಯಿತು.

ನರ್ಸರಿಯ ಮಾಲು ಮಾಲೀಕನ ಮಾತು ಕೇಳುವುದಿಲ್ಲ. ಗಿರಾಕಿ ಬರಲಿ ಬಿಡಲಿ, ಏಪ್ರಿಲ್ ಬಿಸಿಲಿಗೆ ಅದಕ್ಕೆ ದಿನಕ್ಕೆರಡು ಸಲ ನೀರು ಬೇಕು. ಕವರಿನಲ್ಲಿ ಕೂರಿಸಿದ ಸಸಿ ಹೆಚ್ಚು ದಿನ ಒಂದೇ ಜಾಗದಲ್ಲಿದ್ದರೆ ಕವರು ತೂರಿ ಬೇರು ನೆಲಕ್ಕಿಳಿಸುತ್ತದೆ. ಆಮೇಲೆ ಎತ್ತಿದರೆ ಬೇರು ಹರಿದು ಸೊರಗುತ್ತದೆ. ಪೆಟೂನಿಯಾದಂಥ ಸೀಸನ್ ಗಿಡಗಳು ಲಾಕ್‌ಡೌನ್ ಮುಗಿಯಲಿ ಎಂದು ಮೊಗ್ಗನ್ನು ತಡೆಹಿಡಿಯುವುದಿಲ್ಲ. ಅರಳುತ್ತವೆ, ಉದುರುತ್ತವೆ, ತಿಪ್ಪೆಗೆ ಹೋಗುತ್ತವೆ. ಪ್ರೋಟ್ರೇಯಲ್ಲಿ ಎಬ್ಬಿಸಿದ ಟೊಮೆಟೊ ಸಸಿ ಇಪ್ಪತ್ತೈದು ಮೂವತ್ತು ದಿನಕ್ಕೆ ಹೊಲ ಸೇರದಿದ್ದರೆ ಬಡಕಲಾಗಿ ಉದ್ದುದ್ದ ಬೆಳೆದು ಯಾರಿಗೂ ಬೇಡವಾಗುತ್ತದೆ. ಗೋದಾವರಿ ಸೀಮೆಯ ಕಡಿಯಂನಿಂದ ಬೆಂಗಳೂರಿಗೆ ಲಾರಿಗಟ್ಟಲೆ ಗಿಡ ಬರುತ್ತದೆ. ಲಾರಿ ನಿಂತರೂ ಅಲ್ಲಿ ಬೆಳೆಯುವುದು ನಿಲ್ಲುವುದಿಲ್ಲ.

ಇದನ್ನೆಲ್ಲ ಬ್ಯಾರಿಕೇಡಿನ ಬಳಿ ನಿಂತಿರುವ ಪೊಲೀಸಪ್ಪನಿಗೆ ವಿವರಿಸಿ ನೋಡಿ.

"ಎಲ್ಲಿಗೆ?"

"ನೀರು ಹಾಕೋಕೆ ಸಾರ್."

"ಯಾರಿಗೆ?"

"ಕ್ರೋಟನ್ನಿಗೆ."

ಹಾಲು, ಔಷಧಿ, ಅಂತ್ಯಸಂಸ್ಕಾರ ಈ ಮೂರಕ್ಕೆ ಅವನ ಬಳಿ ಉತ್ತರವಿತ್ತು. ಕ್ರೋಟನ್ನಿಗೆ ಇದ್ದದ್ದು ಲಾಠಿಯೊಂದೇ. ಪಾಪ, ತಪ್ಪು ಅವನದಲ್ಲ. ಅವನ ಕೈಯಲ್ಲಿದ್ದ ಅಗತ್ಯ ಸೇವೆಗಳ ಪಟ್ಟಿಯದು.

ಪಟ್ಟಿ ಬರೆದವರು ಸಾಮಾನ್ಯರಲ್ಲ. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ಚಟುವಟಿಕೆಗಳಿಗೆ ಅಡ್ಡಿಯಿಲ್ಲ ಎಂದಿತ್ತು. ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ತೆರೆಯಬಹುದಿತ್ತು. ಸಸಿ ಹೊಲದಲ್ಲಿದ್ದರೆ ತೋಟಗಾರಿಕೆ. ಅದೇ ಸಸಿ ಬೆಂಗಳೂರಿನ ಸಿದ್ದಾಪುರದ ರಸ್ತೆ ಬದಿಗೆ ಬಂದು ಕುಂಡದಲ್ಲಿ ಕೂತರೆ ಏನು? ಅದಕ್ಕೆ ಪಟ್ಟಿಯಲ್ಲಿ ಹೆಸರಿಲ್ಲ. ಹಾಗೆಂದು ಪಟ್ಟಿ ತಿದ್ದಲು ಬಾರದಂಥದ್ದೂ ಆಗಿರಲಿಲ್ಲ. ಏಪ್ರಿಲ್ 21ಕ್ಕೆ ತಿದ್ದಿ ಶಾಲಾ ಪುಸ್ತಕದ ಅಂಗಡಿ ಮತ್ತು ವಿದ್ಯುತ್ ಫ್ಯಾನಿನ ಅಂಗಡಿಗಳನ್ನು ಸೇರಿಸಿದರು. ಬೇಸಿಗೆ ಎಂಬುದೊಂದು ಇದೆ ಎಂದು ದೆಹಲಿಗೆ ಸೆಕೆಯಾದ ಮೇಲೆ ಹೊಳೆಯಿತು. ಆ ಸೆಕೆ ಗಿಡಕ್ಕೂ ಆಗುತ್ತದೆ ಎಂಬುದು ಹೊಳೆಯಲಿಲ್ಲ.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ಮಾರ್ಚ್ 31ರಂದು ಆಯುಷ್ ಸಚಿವಾಲಯ, ತುಳಸಿ, ಚಕ್ಕೆ, ಮೆಣಸು, ಶುಂಠಿ ಹಾಕಿ ಕಷಾಯ ಕುಡಿಯಿರಿ ಎಂದು ನಾಡಿಗೆಲ್ಲ ಸಲಹೆ ಕೊಟ್ಟಿತು. ಚಕ್ಕೆ, ಮೆಣಸು, ಶುಂಠಿಗೆ ದಿನಸಿ ಅಂಗಡಿ ತೆರೆದಿತ್ತು. ತುಳಸಿ ಗಿಡದವನ ಅಂಗಡಿ ಮುಚ್ಚಿತ್ತು. ಅಮೃತಬಳ್ಳಿ, ದೊಡ್ಡಪತ್ರೆ ಎಲ್ಲಿ ಸಿಗುತ್ತದೆಂದು ಜನ ವಾಟ್ಸ್‌ಆ್ಯಪಿನಲ್ಲಿ ಗೋಳಾಡುತ್ತಿದ್ದಾಗ, ಅದನ್ನು ಕವರಿನಲ್ಲಿ ಬೆಳೆಸಿಟ್ಟವನು 'ಅನಗತ್ಯ'ದ ಪಟ್ಟಿಯಲ್ಲಿ ಮನೆಯಲ್ಲಿ ಕೂತಿದ್ದ.

ಇನ್ನು ಬೆಲ್ಲದ ವಿಷಯ. ಮೇ 4ಕ್ಕೆ ಕರ್ನಾಟಕದಲ್ಲಿ ಮದ್ಯದಂಗಡಿ ತೆರೆಯಿತು. ಮೊದಲ ದಿನ 45 ಕೋಟಿ ರೂಪಾಯಿ, ಎರಡನೇ ದಿನ 197 ಕೋಟಿ. ಕ್ಯೂ ನಿಲ್ಲಲು ಸುಣ್ಣದ ಗೆರೆ, ಅಲ್ಲಲ್ಲಿ ಶಾಮಿಯಾನ, ಗಲಾಟೆಯಾಗದಂತೆ ಪೊಲೀಸ್ ಕಾವಲು. ಸಿದ್ದಾಪುರದ ಗುಲಾಬಿ ಗಿಡಗಳಿಗೆ ಆ ಶಾಮಿಯಾನದ ಅರ್ಧ ನೆರಳು ಸಿಕ್ಕಿದ್ದರೂ ಬದುಕುತ್ತಿದ್ದವು.

ಎರಡು ದಿನ ಬಿಟ್ಟು, ಮೇ 6ರಂದು, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜು ಪ್ರಕಟಿಸಿದರು. ಅದೇ ಉಸಿರಿನಲ್ಲಿ ಮದ್ಯದ ಸುಂಕವನ್ನೂ ಶೇ 11ರಷ್ಟು ಏರಿಸಿದರು. ಪ್ಯಾಕೇಜಿನಲ್ಲಿ ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರು ಮೀರುವಂತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಸೇವಂತಿಗೆ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಿದವರ ಕಣ್ಣೀರು ಸರ್ಕಾರಕ್ಕೆ ಕಂಡಿತು, ಅಷ್ಟಾದರೂ ಆಯಿತು. ಆದರೆ ಲೆಕ್ಕ ಹಾಕುವ ಚಟ ಇದ್ದವರಿಗೆ ನಿದ್ದೆ ಬರುವುದಿಲ್ಲ. ಒಂದು ಹೆಕ್ಟೇರೆಂದರೆ ಹೆಚ್ಚು ಕಡಿಮೆ 99 ಗುಂಟೆ. ಅಂದರೆ ಗುಂಟೆಗೆ 253 ರೂಪಾಯಿ. ಸರ್ಕಾರವೇ ಹೇಳಿದ ಹೂವಿನ ಬೆಳೆ ಪ್ರದೇಶ 11,687 ಹೆಕ್ಟೇರು. ಗುಣಿಸಿ ನೋಡಿ, 30 ಕೋಟಿಗೂ ಒಳಗೇ ಮುಗಿಯುತ್ತದೆ. ನಾಡಿನ ಮಲ್ಲಿಗೆ, ಕನಕಾಂಬರ, ಸುಗಂಧರಾಜ, ಚೆಂಡು ಹೂವು ಎಲ್ಲ ಸೇರಿ ಮೇ 4ರ ಒಂದು ದಿನದ ಬಾಟಲಿಗೆ ಸಮವಾಗಲಿಲ್ಲ.

ಗುಂಟೆ ಲೆಕ್ಕ ಹೂವಿನ ರೈತನಿಗಾಯಿತು. ನರ್ಸರಿಯವನಿಗೆ? ಅವನ ಬಹುಪಾಲು ವಹಿವಾಟು ಬಾಡಿಗೆ ಸೈಟಿನಲ್ಲೋ, ಹೈಟೆನ್ಷನ್ ತಂತಿಯ ಕೆಳಗಿನ ಖಾಲಿ ಜಾಗದಲ್ಲೋ, ಫುಟ್‌ಪಾತಿನ ಅಂಚಿನಲ್ಲೋ. ಹತ್ತಡಿಗೆ ನೂರು ಕುಂಡ ಜೋಡಿಸುವ ವ್ಯವಹಾರವನ್ನು ಹೆಕ್ಟೇರಿನಲ್ಲಿ ಅಳೆಯಲು ಹೋದರೆ ಸೊನ್ನೆಯ ಮುಂದೆ ಚುಕ್ಕಿ, ಚುಕ್ಕಿಯ ಮುಂದೆ ಮತ್ತೆ ಸೊನ್ನೆ. ಪಹಣಿಯಲ್ಲಿ ಅವನ ಹೆಸರಿಲ್ಲ. ಬೆಳೆ ಸಮೀಕ್ಷೆಯಲ್ಲಿ 'ದಾಸವಾಳದ ಕವರ್ ಗಿಡ' ಎಂಬ ಬೆಳೆ ಯಾರಿಗೂ ಕಾಣುವುದಿಲ್ಲ. ಹೂವು ಬೆಳೆದರೆ ರೈತ, ಹೂವಿನ ಗಿಡ ಬೆಳೆದರೆ ವ್ಯಾಪಾರಿ. ಸರಿ, ವ್ಯಾಪಾರಿಯೇ ಅನ್ನೋಣ ಎಂದರೆ ಸಸಿಗಳ ಮೇಲೆ ಜಿಎಸ್‌ಟಿ ಶೂನ್ಯ. ಖಜಾನೆಗೆ ಶೂನ್ಯ ಕೊಡುವವನಿಗೆ ಖಜಾನೆಯಿಂದಲೂ ಶೂನ್ಯ. ಲೆಕ್ಕ ಪರಿಶೋಧಕರು ಮೆಚ್ಚುವಂಥ ಸಮತೋಲನ.

ಹಾಗಾದರೆ ಸಾಲ? ಕೇಂದ್ರದ 'ಆತ್ಮನಿರ್ಭರ' ಪ್ಯಾಕೇಜಿನಡಿ ಸಣ್ಣ ಉದ್ದಿಮೆಗಳಿಗೆ ಅಡಮಾನವಿಲ್ಲದ ತುರ್ತು ಸಾಲ ಬಂತು. ಎಷ್ಟು? 2020ರ ಫೆಬ್ರುವರಿ 29ಕ್ಕೆ ನಿಮ್ಮ ಮೇಲಿದ್ದ ಸಾಲದ ಶೇ 20ರಷ್ಟು. ಅಂದರೆ ಸಾಲ ಸಿಗಬೇಕಾದರೆ ಮೊದಲೇ ಸಾಲದಲ್ಲಿ ಮುಳುಗಿರಬೇಕು. ಯಾರ ಹಂಗೂ ಬೇಡವೆಂದು ಹೆಂಡತಿಯ ಬಳೆ ಅಡವಿಟ್ಟು ಶೇಡ್ ನೆಟ್ ಹಾಕಿಸಿಕೊಂಡವನು ಆತ್ಮನಿರ್ಭರನಾಗಿದ್ದ ತಪ್ಪಿಗೆ 'ಆತ್ಮನಿರ್ಭರ'ದಿಂದ ಹೊರಗುಳಿದ. ತಳ್ಳುಗಾಡಿಯಲ್ಲಿ ಗಿಡ ಮಾರುವವನಿಗೆ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲದ ದಾರಿ ಇತ್ತು. ದಾರಿ ಇತ್ತು, ನೋಂದಣಿ ಚೀಟಿ ಇದ್ದವರಿಗೆ.

2021 ಬಂತು. ಎರಡನೇ ಅಲೆ ಮೊದಲನೆಯದಕ್ಕಿಂತ ಘೋರ. ಪರಿಹಾರವೂ ಹೆಚ್ಚಾಗಬೇಕಲ್ಲ? ಮೇ 19ರ ಪ್ಯಾಕೇಜಿನಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ. ಗುಂಟೆಗೆ 101. ನೂರಾ ಒಂದು ಎಂದರೆ ಮದುವೆ ಮನೆಯಲ್ಲಿ ಮುಯ್ಯಿ ಓದಿಸುವ ಮೊತ್ತ. ಮದುವೆಗಳೇ ನಿಂತು ಹೂವು ಕೊಳ್ಳುವವರಿಲ್ಲದ ಆ ವರ್ಷ ಸರ್ಕಾರವೇ ಬಂದು ಮುಯ್ಯಿ ಓದಿಸಿ, ಊಟಕ್ಕೂ ಕೂರದೆ ಹೊರಟುಹೋಯಿತು. ಅಸಂಘಟಿತ ಕಾರ್ಮಿಕರ ಪಟ್ಟಿಯಲ್ಲಿ ಕುಂಬಾರರಿಗೆ 2,000 ರೂಪಾಯಿ ಸಿಕ್ಕಿತು. ಸಿಗಲೇಬೇಕಿತ್ತು. ಕುಂಡ ಮಾಡಿದವನ ನೆನಪಾದ ಸರ್ಕಾರಕ್ಕೆ ಕುಂಡದೊಳಗೆ ಏನೋ ಇರುತ್ತದೆ ಎಂಬುದು ಮಾತ್ರ ನೆನಪಾಗಲಿಲ್ಲ. ಆ ಸಲದ ಲಾಕ್‌ಡೌನಿನಲ್ಲಿ ಬೆಳಗ್ಗೆ 6ರಿಂದ 10ರವರೆಗೆ ಹಾಲು, ತರಕಾರಿ, ಮಾಂಸದ ಸಾಲಿನಲ್ಲಿ ಮದ್ಯದ ಪಾರ್ಸಲಿಗೂ ಜಾಗ ಕೊಟ್ಟಿದ್ದರು. ಬೆಳಗಿನ ಆರಕ್ಕೆ! ಗಿಡಕ್ಕೆ ನೀರು ಹಾಕುವ ಹೊತ್ತೂ ಅದೇ.

ಜೂನ್ 5ರ ಪರಿಸರ ದಿನ ಆ ಲಾಕ್‌ಡೌನಿನ ನಡುವೆಯೇ ಬಂತು. 'ಮನೆಗೊಂದು ಗಿಡ ನೆಡಿ' ಎಂಬ ಉಪದೇಶಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. ಆಮ್ಲಜನಕಕ್ಕಾಗಿ ನಾಡು ಬಾಯಿಬಿಡುತ್ತಿದ್ದಾಗ ಮರದ ಮಹಿಮೆ ಹೊಗಳುವ ಭಾಷಣಕ್ಕೂ ಬರವಿರಲಿಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮಾತ್ರ ನಿಂತದ್ದು ನಿಂತೇ ಇತ್ತು. ಗಿಡದವರಿಗೆ ಅದು ವರ್ಷಕ್ಕೆರಡು ಸಲ ಬರುವ ಹಬ್ಬ. ಮತ್ತೆ ನಡೆದದ್ದು 2022ರ ಆಗಸ್ಟಿನಲ್ಲಿ.

ಹೊರದೇಶದಲ್ಲೇನು ಸ್ವರ್ಗವಿತ್ತೇ? ಇಲ್ಲ. ಬ್ರಿಟನ್ನಿನಲ್ಲೂ ವಸಂತದ ಭರಾಟೆಯಲ್ಲೇ ಗಾರ್ಡನ್ ಸೆಂಟರುಗಳು ಮುಚ್ಚಿದವು, ಮದ್ಯದಂಗಡಿ ಅಲ್ಲೂ ಅಗತ್ಯ ಸೇವೆಯಾಯಿತು. ಆದರೆ ಇಂಗ್ಲೆಂಡಿನಲ್ಲಿ 2020ರ ಮೇ 13ಕ್ಕೆ ಗಿಡದಂಗಡಿ ತೆರೆಯಿತು, ಪಬ್ಬು ಜುಲೈ 4ಕ್ಕೆ. ಬಯಲಲ್ಲಿ ಗಾಳಿಯಾಡುವ ಅಂಗಡಿಯಲ್ಲಿ ಸೋಂಕಿನ ಭಯ ಕಡಿಮೆ ಎಂಬಷ್ಟು ವಿವೇಕ ತಡವಾಗಿಯಾದರೂ ಮೂಡಿತು. ಆಲ್ಸ್‌ಮೀರಿನ ಹರಾಜು ಕಟ್ಟೆಯಲ್ಲಿ ಟ್ಯುಲಿಪ್ಪುಗಳನ್ನು ರಾಶಿ ಹಾಕಿ ನಾಶ ಮಾಡಬೇಕಾಗಿ ಬಂದ ಡಚ್ಚರು ತಮ್ಮ ಹೂವು, ಸಸಿ ಉದ್ಯಮಕ್ಕಾಗಿ ಕೋಟಿಗಟ್ಟಲೆ ಯೂರೋ ತೆಗೆದಿಟ್ಟರು. ನಮ್ಮವರು ಇನ್ನೂ ಹೆಕ್ಟೇರಿನ ಟೇಪು ಹಿಡಿದು ಫುಟ್‌ಪಾತು ಹುಡುಕುತ್ತಿದ್ದರು.

ಮುಂದಿನ ಪಟ್ಟಿ ಬರೆಯುವ ಅಧಿಕಾರಿಗಳಲ್ಲಿ ಒಂದು ಅರಿಕೆ. ಗೊಬ್ಬರದ ಅಂಗಡಿ ಎಂದು ಬರೆದ ಸಾಲಿನ ಪಕ್ಕದಲ್ಲೇ 'ನರ್ಸರಿ' ಎಂದೊಂದು ಪದ ಸೇರಿಸಿ, ಶಾಯಿ ಹೆಚ್ಚು ಖರ್ಚಾಗುವುದಿಲ್ಲ. ನೀರು ಹಾಕುವವನಿಗೊಂದು ಪಾಸು ಕೊಡಿ. ಪರಿಹಾರ ಕೊಡುವ ಮನಸ್ಸಾದರೆ ಜಾಗ ಅಳೆಯಬೇಡಿ, ಗಿಡ ಎಣಿಸಿ.

ಓದುಗರಲ್ಲಿ ಇನ್ನೂ ಚಿಕ್ಕದೊಂದು. ಬಾರಿನಲ್ಲಿ ಬಾಟಲಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದಾಗ ತುಟಿ ಪಿಟಕ್ಕೆನ್ನದೆ ಕೊಟ್ಟು ಬಂದಿದ್ದೀರಿ. ನರ್ಸರಿಯಲ್ಲಿ ಗುಲಾಬಿ ಗಿಡಕ್ಕೆ ಅವನು ಹೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ.