ನನ್ನ ಪಾಡಿಗೆ ನಾನು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಯಾವ ಬಸ್ಸು ಹತ್ತಿದರೂ ಕಿಟಕಿ ಪಕ್ಕದ ಸೀಟಿನಲ್ಲಿ ಅವನು ಇದ್ದೇ ಇರುತ್ತಾನೆ. ವಯಸ್ಸು ಇಪ್ಪತ್ತು ದಾಟಿದೆ, ಮೂವತ್ತು ಮುಟ್ಟಿಲ್ಲ. ಡಿಗ್ರಿ ಮುಗಿದಿದೆ, ಇಲ್ಲವೇ ಒಂದೇ ಒಂದು ಸಬ್ಜೆಕ್ಟು ಬಾಕಿ ಇದೆ. ಎರಡೂ ಕಿವಿಯಲ್ಲಿ ಹುಣಸೆಬೀಜದ ಗಾತ್ರದ ಇಯರ್‌ಬಡ್ಸು. ಕಂಡಕ್ಟರು ಮೂರನೇ ಸಲ ‘ಟಿಕೆಟ್’ ಎಂದಾಗ ಬಲಗಿವಿಯದನ್ನು ಮಾತ್ರ ತೆಗೆದು, ಪೂಜೆಗೆ ಕೂತವನೆದುರು ಸಾಲ ಕೊಟ್ಟವನು ಬಂದು ನಿಂತಂತೆ ಮುಖ ಮಾಡುತ್ತಾನೆ. ಇವನನ್ನು ಕಿವಿರಾಯ ಎನ್ನೋಣ. ಹುಚ್ಚರಾಯಸ್ವಾಮಿ ನೆಲೆಸಿದ ಊರಿನಲ್ಲಿ ರಾಯ ಅನ್ನಿಸಿಕೊಳ್ಳುವುದು ಅವಮಾನವೇನಲ್ಲ. ನಿನಗೇನು ಇಷ್ಟವಪ್ಪಾ ಎಂದು ಯಾರಾದರೂ ಕೇಳಿದರೆ ಉತ್ತರ ಮೂರೇ ತುಂಡು: ಗೇಮು, ಮ್ಯೂಸಿಕ್ಕು, ‘ಆಮೇಲೆ ನನ್ನ ಪಾಡಿಗೆ ನಾನು’. ಊರಿನವರು ಮೊದಲಿನ ಎರಡನ್ನು ರೋಗವೆಂದೂ ಮೂರನೆಯದನ್ನು ಸೊಕ್ಕೆಂದೂ ತೀರ್ಮಾನಿಸಿದ್ದಾರೆ. ನನಗೆ ಕಾಣುವುದೇ ಬೇರೆ. ಕಿವಿರಾಯನಿಗೆ ಬೇಕಾಗಿರುವುದು ಆಟವೂ ಅಲ್ಲ, ಹಾಡೂ ಅಲ್ಲ, ಒಂದು ಕೋಣೆ. ಆಟ ಅದರ ಬಾಗಿಲು, ಹಾಡು ಅದರ ಅಗುಳಿ.

ಈ ಸೀಮೆಯ ಹಳೆಯ ಮನೆಗಳನ್ನು ನೋಡಿ. ಜಗಲಿ ಬಂದವರಿಗೆ, ನಡುಮನೆ ಎಲ್ಲರಿಗೆ, ಕೊಟ್ಟಿಗೆ ದನಕ್ಕೆ, ಅಟ್ಟ ಅಡಿಕೆಗೆ. ದೇವರಿಗೊಂದು ಕೋಣೆ ಉಂಟು, ಬಾಣಂತಿಗೊಂದು ಉಂಟು, ಮದುವೆಯಾದವರಿಗೂ ಹೇಗೋ ಒಂದು ಒದಗುತ್ತದೆ. ಮದುವೆಯಾಗದ ಮಗನ ಪಾಲಿಗೆ ಉಳಿಯುವುದು ಮೂಲೆಯಲ್ಲಿ ಸುತ್ತಿಟ್ಟ ಚಾಪೆ: ರಾತ್ರಿ ಬಿಡಿಸಿದರೆ ಅಷ್ಟಗಲ ಅವನ ಆಸ್ತಿ, ಬೆಳಗ್ಗೆ ಸುತ್ತಿಟ್ಟರೆ ಅದೂ ಇಲ್ಲ. ಈಗ ತಾರಸಿ ಮನೆಗಳು ಬಂದು ಕೋಣೆಗಳು ಹೆಚ್ಚಿವೆ ನಿಜ. ಆದರೆ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ‘ಯಾಕೋ ತಮ್ಮಾ, ಮೈ ಹುಷಾರಿಲ್ವಾ?’ ಎಂದು ಒಬ್ಬೊಬ್ಬರಾಗಿ ಬಂದು ತಟ್ಟುವ ಪದ್ಧತಿಗೆ ಸಿಮೆಂಟಿನಿಂದ ಏನೂ ಆಗಿಲ್ಲ. ಕಿವಿಯ ಸ್ಥಿತಿ ಇನ್ನೂ ಕಡೆ. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾದ ಮೇಲೆ ಎಷ್ಟೋ ವರ್ಷ ಇಡೀ ಮನೆಗೆ ಗೋಡೆಗೂಡಿನಲ್ಲಿ ಒಂದೇ ಕಿವಿ ಇತ್ತು, ಅದನ್ನು ಹಿಂಡುವ ಹಕ್ಕು ಯಜಮಾನನದು. ಅವನಿಗೆ ಕೃಷಿರಂಗ ಬೇಕೆಂದರೆ ಮನೆಮಂದಿಗೆಲ್ಲ ಕೃಷಿರಂಗ. ರೇಡಿಯೊ ಹೋಗಿ ಟೀವಿ ಬಂದಾಗ ಹಕ್ಕು ಗುಂಡಿಯಿಂದ ರಿಮೋಟಿಗೆ ದಾಟಿತು, ಕೈ ಬದಲಾಗಲಿಲ್ಲ. ಒಬ್ಬನೇ ಕೇಳುವುದು ಅಷ್ಟು ಸಲೀಸಾಗಿ ಯಾರಿಗೂ ಒಪ್ಪಿಗೆಯಾದ ಸಂಗತಿಯಲ್ಲ. 1979ರಲ್ಲಿ ಸೋನಿ ಕಂಪನಿಯವರು ವಾಕ್‌ಮನ್ ಹೊರತಂದಾಗ, ಪಕ್ಕದವರನ್ನು ಬಿಟ್ಟು ಒಬ್ಬರೇ ಕೇಳುವುದು ಒರಟುತನವಾದೀತೆಂದು ಮೊದಲ ಮಾದರಿಗೆ ಎರಡು ಹೆಡ್‌ಫೋನು ಸಿಕ್ಕಿಸುವ ತೂತು ಇಟ್ಟಿದ್ದರು. ಜಪಾನಿನವರಿಗೇ ಇಷ್ಟು ಸಂಕೋಚವಿದ್ದರೆ ಸೊರಬದವರು ಮುಖ ಗಂಟಿಕ್ಕಿದ್ದರಲ್ಲಿ ತಪ್ಪೇನಿದೆ? 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ಬಜಾರಿಗೆ ಅಗ್ಗದ ಬಡ್ಸು ಬಂದವು. ಮೊಟ್ಟಮೊದಲ ಬಾರಿಗೆ ಮನೆಯ ಕಿರಿಯನಿಗೂ ಸ್ವಂತದ್ದೊಂದು ಕಿವಿ ಬಂತು. ಹೊಸದಾಗಿ ಪಹಣಿ ಸಿಕ್ಕವನಂತೆ ಆತ ಅದರ ಸುತ್ತ ಬೇಲಿ ಹಾಕಿದ್ದಾನೆ. ಅತಿ ಮಾಡುತ್ತಾನೆ, ಅದೂ ನಿಜ. ಗುಡವಿ ಪಕ್ಷಿಧಾಮಕ್ಕೆ ಹೋಗಿ ಹಕ್ಕಿಗಳ ವಿಡಿಯೊ ಹಿಡಿದು, ಅವುಗಳ ದನಿ ಅಳಿಸಿ, ಸಿನಿಮಾ ಹಾಡು ಅಂಟಿಸಿ ಸ್ಟೇಟಸ್ ಹಾಕುವುದನ್ನು ಸಮರ್ಥಿಸುವಷ್ಟು ದೊಡ್ಡ ವಕೀಲ ನಾನಲ್ಲ.

ಕಿವಿ ಮುಚ್ಚಿದರೆ ಸಾಲದು, ‘ಈಗ ಬರಕ್ಕಾಗಲ್ಲ’ ಎನ್ನಲು ಒಂದು ಕಾರಣ ಬೇಕು. ಆಟದ ಮಹಿಮೆ ಇರುವುದು ಇಲ್ಲಿ. ಬಿಜಿಎಂಐ ಎಂಬ ಆಟದಲ್ಲಿ ನೂರು ಜನ ವಿಮಾನದಿಂದ ದ್ವೀಪಕ್ಕೆ ಧುಮುಕುತ್ತಾರೆ. ಸಿಕ್ಕಸಿಕ್ಕ ಮನೆ ಹೊಕ್ಕು ಕೋವಿ, ಹೆಲ್ಮೆಟ್ಟು, ಔಷಧಿ ಬಾಚಿಕೊಳ್ಳುತ್ತಾರೆ. ಸುತ್ತಲಿನ ಗೆರೆ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನು ಗೆದ್ದ. ಸುಮಾರು ಅರ್ಧ ಗಂಟೆಯ ಈ ವ್ಯವಹಾರವನ್ನು ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ‘ಅದೆಂಥದೋ ನಿಲ್ಸಕ್ಕೆ ಬರದ ಆಟ?’ ಎಂದು ಅಮ್ಮ ಬೈದರೆ, ಹಾಲು ಕರೆಯುತ್ತ ಕೂತವಳನ್ನು ಎದ್ದು ಬಾ ಅಂದರೆ ಬರುತ್ತೀಯಾ ಎಂದು ಅವನು ಕೇಳಬಹುದಿತ್ತು. ಕೇಳುವುದಿಲ್ಲ, ಏಕೆಂದರೆ ಹಾಲು ಕರೆದು ಗೊತ್ತಿಲ್ಲ. ಇಂಥ ಆಟ ಹೊರಗಿನದು, ನಮ್ಮ ಹುಡುಗರನ್ನು ಕೆಡಿಸಲೆಂದೇ ಬಂದದ್ದು ಎಂಬ ಮಾತೂ ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ ಇದೇ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ನಡೆಯುವ ಹೋರಿ ಹಬ್ಬವನ್ನು ನೆನೆಯಿರಿ: ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿದ ಹೋರಿ ಅಖಾಡದಲ್ಲಿ ನುಗ್ಗುತ್ತದೆ, ಎರಡೂ ಕಡೆಯಿಂದ ಹುಡುಗರು ಬಿದ್ದು ಕೊಬ್ಬರಿ ಹರಿಯುತ್ತಾರೆ, ಯಾರ ಕೈಗೂ ಸಿಗದೆ ದಾಟಿದ ಹೋರಿ ಹೀರೊ. ಹೋರಿಗೊಂದು ಬಿರುದು, ಫ್ಲೆಕ್ಸು, ಅಭಿಮಾನಿ ಬಳಗ. ಕಿವಿರಾಯ ‘ಲೂಟ್’ ಎನ್ನುವುದನ್ನು ಇಲ್ಲಿ ಕೊಬ್ಬರಿ ಎನ್ನುತ್ತಾರೆ, ಅಷ್ಟೆ. ವ್ಯತ್ಯಾಸ ಒಂದಿದೆ: ಫೋನಿನಲ್ಲಿ ಬಿದ್ದವನು ‘ರಿವೈವ್ ಕೊಡೋ’ ಎಂದರೆ ಜೊತೆಗಾರ ಬಂದು ಎಬ್ಬಿಸುತ್ತಾನೆ, ಅಖಾಡದಲ್ಲಿ ಹೋರಿ ತಿವಿದು ಜೀವ ಕಳೆದುಕೊಂಡವರಿಗೆ ಆ ಸೌಲಭ್ಯ ಸಿಗಲಿಲ್ಲ. ಆದರೂ ಹೋರಿಯ ಹಿಂದೆ ಮೂರು ತಿಂಗಳು ಊರೂರು ಅಲೆದ ಅಪ್ಪನೇ ಮಗನಿಗೆ ಹೊತ್ತಿನ ಬೆಲೆ ಕುರಿತು ಉಪನ್ಯಾಸ ಕೊಡುವುದು.

ಚಟವಲ್ಲವೇ ಎನ್ನುವವರಿಗೆ ಒಂದು ಪ್ರಯೋಗದ ಫಲಿತಾಂಶ ಈಗಾಗಲೇ ಸಿದ್ಧವಿದೆ, ಅದನ್ನು ನಡೆಸಿದ್ದು ಭಾರತ ಸರ್ಕಾರ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈಯಲ್ಲಿ ಮಾಯವಾಯಿತು, 2023ರ ಮೇ ತಿಂಗಳಲ್ಲಿ ದೊಡ್ಡವರಿಗೆ ದಿನಕ್ಕೆ ಆರು ಗಂಟೆ, ಚಿಕ್ಕವರಿಗೆ ಮೂರು ಎಂಬ ಕಟ್ಟಳೆಯೊಡನೆ ಮರಳಿತು. (ಆರು ಗಂಟೆ ಎಂದರೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟಿನ ಲೆಕ್ಕಕ್ಕೆ ಹತ್ತಿರ ಬಂತು, ಮಿತಿ ಇಟ್ಟವರಿಗೆ ರೈತರ ಪರಿಚಯ ಇದ್ದೀತು.) ಆಟವಿಲ್ಲದ ಆ ತಿಂಗಳುಗಳಲ್ಲಿ ಕಿವಿರಾಯ ಗುದ್ದಲಿ ಹಿಡಿದು ಮೆಕ್ಕೆಜೋಳದ ಹೊಲಕ್ಕೆ ಇಳಿದನೇ? ರೀಲ್ಸಿಗೆ ಹೋದ, ಕ್ರಿಕೆಟ್ಟಿಗೆ ಹೋದ, ಬಡ್ಸು ಸಿಕ್ಕಿಸಿಕೊಂಡು ಕೆರೆ ಏರಿಯ ಮೇಲೆ ಸುಮ್ಮನೆ ಕೂತ. ಬಾಗಿಲು ಕಿತ್ತೊಯ್ದರೂ ಕೋಣೆಯ ಆಸೆ ಉಳಿಯಿತು. ಚಟವೆಂಬುದು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಅದನ್ನು ಸೇರಿಸಿದೆ. ಆದರೆ ಹಿಡಿತ ತಪ್ಪಿ, ಬದುಕಿನ ಬೇರೆಲ್ಲ ಕೆಲಸ ಕೆಟ್ಟು, ಸಾಮಾನ್ಯವಾಗಿ ಒಂದು ವರ್ಷ ಹಾಗೇ ನಡೆದಿರಬೇಕು ಎಂಬ ಅಳತೆಯನ್ನೂ ಇಟ್ಟಿದೆ. ಊಟಕ್ಕೆ ಹತ್ತು ನಿಮಿಷ ತಡವಾದವರೆಲ್ಲ ಅದರಲ್ಲಿ ಬರುವುದಿಲ್ಲ. ದುಡ್ಡು ಕಟ್ಟಿ ಆಡುವ ರಮ್ಮಿಯ ಜಾತಿಯೇ ಬೇರೆ. ಅದನ್ನು ತಡೆಯಲು ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಮರುವರ್ಷ ಹೈಕೋರ್ಟು ರದ್ದು ಮಾಡಿತು, 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ತಂದಿತು. ಧರ್ಮರಾಯ ಕೂತಿದ್ದು ಆ ಪಂಕ್ತಿಯಲ್ಲಿ. ಕಿವಿರಾಯನನ್ನು ಅಲ್ಲಿ ಎಳೆದು ಕೂರಿಸಬೇಡಿ; ಹಾಗೆ ಪಣಕ್ಕಿಡಲು ಅವನ ಬಳಿ ರಾಜ್ಯವೂ ಇಲ್ಲ, ರೀಚಾರ್ಜೂ ಅಪ್ಪನದು.

ರೀಚಾರ್ಜಿನ ಮಾತು ಬಂತಲ್ಲ, ಅವನ ಎದುರಾಳಿಗಳ ಅತಿ ಗಟ್ಟಿ ವಾದ ಅಲ್ಲೇ ಇದೆ: ಅನ್ನ ಅಮ್ಮನದು, ಡೇಟಾ ಅಪ್ಪನದು, ಇದೆಂಥ ‘ನನ್ನ ಪಾಡಿಗೆ ನಾನು’? ನಿಜಕ್ಕೂ ಅವರ ಪಾಡಿಗೆ ಅವರು ಹೊರಟವರನ್ನು ನೋಡಬೇಕೆಂದರೆ ಶಿಕಾರಿಪುರ ತಾಲ್ಲೂಕು ದಾಟಬೇಕಾಗಿಯೂ ಇಲ್ಲ. ಉಡುತಡಿಯ ಅಕ್ಕ ಮನೆ ಬಿಟ್ಟಳು, ಅರಮನೆ ಬಿಟ್ಟಳು, ಉಟ್ಟದ್ದನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದಳು. ಕಿವಿರಾಯ ಚಾರ್ಜರ್ ಬಿಟ್ಟು ಶಿರಾಳಕೊಪ್ಪಕ್ಕೂ ಹೋಗಲಾರ. ಬಳ್ಳಿಗಾವಿಯ ಅಲ್ಲಮ ಮಾತ್ರ ಅವನಿಗೆ ತುಸು ಹತ್ತಿರದವನು. ಹರಿಹರನ ರಗಳೆಯ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಪ್ರೀತಿಸಿದ ಕಾಮಲತೆ ತೀರಿಕೊಂಡ ಮೇಲೆ ಹೊರಗಿನ ತೋಪಿನಲ್ಲಿ ಕೂತು ಕಾಲುಗುರಿನಿಂದ ನೆಲ ಕೆದಕುತ್ತಿದ್ದಾಗ ಹೂತುಹೋಗಿದ್ದ ಗುಡಿಯ ಕಳಶ ಕಂಡಿತಂತೆ. ಕಳಶ ಕಾಣುವ ತನಕ ಊರಿನವರ ಬಾಯಲ್ಲಿ ಅವನೂ ಕೆಲಸವಿಲ್ಲದೆ ನೆಲ ಕೆರೆಯುವ ಹುಡುಗನೇ ಆಗಿದ್ದಿರಬೇಕು. ಹೋಲಿಕೆ ಇಲ್ಲಿಗೆ ಸಾಕು, ಇನ್ನೂ ಎಳೆದರೆ ಅಲ್ಲಮನಿಗೆ ಅನ್ಯಾಯವಾಗುತ್ತದೆ. ವಾದಕ್ಕೆ ನನ್ನ ಉತ್ತರ ಇಷ್ಟೆ: ಅಪ್ಪನ ಸ್ವಾತಂತ್ರ್ಯವೂ ಇಂಥದ್ದೇ ಕಡದ ಸರಕಾಗಿತ್ತು. ಹೋರಿ ಹಬ್ಬಕ್ಕೋ ರಾತ್ರಿಯ ಆಟಕ್ಕೋ ಹೋಗಿ ಬೆಳಗ್ಗೆ ಬಂದವನಿಗೆ ಬಿಸಿ ರೊಟ್ಟಿ ಸಿದ್ಧವಿರುತ್ತಿತ್ತು. ತಟ್ಟಿದವರ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಕೋಣೆಯಿಲ್ಲದವರ ಪಟ್ಟಿ ಬರೆಯಲು ಕೂತರೆ ಕಿವಿರಾಯನ ಹೆಸರು ಎರಡನೆಯದೋ ಮೂರನೆಯದೋ ಆದೀತು. ಅವನ ತಂಗಿಯ ಕೈಯಲ್ಲೂ ಫೋನಿದೆ. ಆದರೆ ಅವಳು ಸದ್ದು ಪೂರ್ತಿ ಇಳಿಸಿ ಆಡುತ್ತಾಳೆ, ಕಿವಿ ತೆರೆದೇ ಇರುತ್ತದೆ, ‘ನೀರು ತಾ’ ಎಂಬ ಮೊದಲ ಕರೆಗೇ ಅವಳ ಮ್ಯಾಚು ಮುಗಿಯುತ್ತದೆ. ಅಮ್ಮನಂತೂ ಇತ್ತೀಚೆಗೆ ಮಗನ ಹಳೆಯ ಬಡ್ಸು ಇಸಿದುಕೊಂಡು ಧಾರಾವಾಹಿ ಹಿಡಿಯಲು ಕಲಿತಿದ್ದಾಳೆ. ಎಡಗಿವಿಗೊಂದನ್ನು ಮಾತ್ರ ಸಿಕ್ಕಿಸಿಕೊಳ್ಳುತ್ತಾಳೆ. ಬಲಗಿವಿ ಕುಕ್ಕರಿನ ಸೀಟಿಗೆ, ಕೊಟ್ಟಿಗೆಯ ಕರುವಿಗೆ, ನಡುಮನೆಯಿಂದ ‘ಅಮ್ಮಾ, ಊಟ ಆಯ್ತಾ?’ ಎಂದು ಬರುವ ಕೂಗಿಗೆ ಮೀಸಲು. ಬಲಗಿವಿಯ ಬಡ್ಸು ಡಬ್ಬಿಯಲ್ಲೇ ಇರುತ್ತದೆ, ಪೂರ್ತಿ ಚಾರ್ಜಾಗಿ.